ಸತ್ತ ಕೂದಲು

ಒರಟು ಕೂದಲಿನ ನಾಯಿಯೊಂದು ಮೈ ತುರಿಸಿಕೊಳ್ಳುತ್ತ ಬಾಚಣಿಗೆಯ ಬಳಿ ಬಂತು. “ಎಷ್ಟು ಸಲ ಹೇಳಲಿ? ಬುಡದಲ್ಲಿ ಸಿಕ್ಕಿಕೊಂಡ ಸತ್ತ ಕೂದಲಿನಿಂದಲೇ ಈ ತುರಿಕೆ. ಯಜಮಾನನ ಕೈಯಲ್ಲಿ ಅದನ್ನು ಕೀಳಿಸಿಕೋ. ಸತ್ತದ್ದನ್ನು ಕಿತ್ತರೆ ನೋಯುವುದಿಲ್ಲ,” ಎಂದಿತು ಬಾಚಣಿಗೆ.

“ಸತ್ತರೂ ಅದು ನನ್ನ ಕೂದಲು. ನೋಡುವುದಕ್ಕೆ ಚೆನ್ನಾಗಿದ್ದರೆ ಸಾಕು,” ಎಂದು ನಾಯಿ ಕತ್ತರಿಯನ್ನು ಕರೆಯಿತು. ಕತ್ತರಿ ಮೇಲೆ ಮೇಲೆ ಮಾತ್ರ ಕತ್ತರಿಸಿ ಸಮ ಮಾಡಿತು. ಬೀದಿಯ ನಾಯಿಗಳೆಲ್ಲ ಹೊಗಳಿದವು.

ಬುಡದಲ್ಲಿ ಸತ್ತ ಕೂದಲು ಹಾಗೇ ಉಳಿಯಿತು. ತುರಿಕೆ ಹೆಚ್ಚಿತು; ಕೆರೆದು ಕೆರೆದು ಮೈಯೆಲ್ಲ ಹುಣ್ಣಾಯಿತು. ನಾಯಿ ಮತ್ತೆ ಬಾಚಣಿಗೆಯ ಬಳಿ ಬಂದು, “ನೀನು ಸರಿಯಾಗಿ ಬಾಚಲಿಲ್ಲ,” ಎಂದು ಗದರಿತು.

“ಆಯಿತು, ತಪ್ಪು ನನ್ನದೇ. ಈಗಲಾದರೂ ಕೀಳಿಸಿಕೊಳ್ಳುತ್ತೀಯಾ?”

“ಇಷ್ಟು ಹುಣ್ಣಿರುವಾಗ ಕೀಳಿಸಿಕೊಳ್ಳಬೇಕೇ? ನಿನಗೆ ಕರುಣೆಯೇ ಇಲ್ಲ,” ಎಂದ ನಾಯಿ ಮತ್ತೆ ಕತ್ತರಿಯನ್ನೇ ಕೂಗಿತು.