ಅರಮನೆ ಪಾತಿಯ ಗೋಣಿ ಸೊಪ್ಪು

ನನ್ನ ಹಳೆಯ ದಿನಚರಿಯಲ್ಲಿ ೧೯೭೪ನೇ ಇಸವಿ ಆಗಸ್ಟ್ ೧೪, ಬುಧವಾರದ ಪುಟದಲ್ಲಿ ಈ ಕಥೆ ಇದೆ. ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಜವರಮ್ಮ ಹೇಳಿದ್ದು. ಆಕೆ ಹೇಳಿದಂತೆ ಬರೆದುಕೊಂಡೆ, ಅನುಮಾನ ಬಂದಲ್ಲಿ ಎರಡು ಸಲ ಕೇಳಿ ತಿದ್ದಿಕೊಂಡೆ.

ಒಂದಾನೊಂದು ಊರು. ಆ ಊರಿಗೊಬ್ಬ ರಾಜ. ರಾಜನಿಗೆ ಎಲ್ಲ ಇತ್ತು, ಊಟದ ಸುಖ ಮಾತ್ರ ಇರಲಿಲ್ಲವಂತೆ. ಬಾಯಿ ತುಂಬ ಹುಣ್ಣು. ಅನ್ನ ಇಟ್ಟರೆ ಉರಿ, ನೀರು ಕುಡಿದರೆ ಉರಿ. ಪಂಡಿತರು ಮುತ್ತಿನ ಭಸ್ಮ ಕೊಟ್ಟರು, ಬಂಗಾರದ ಭಸ್ಮ ಕೊಟ್ಟರು. ಉರಿ ಇದ್ದ ಹಾಗೆಯೇ ಇತ್ತಂತೆ.

ಒಂದು ದಿನ ಬೇಟೆಗೆ ಹೋದ ರಾಜ ಹಸಿದು ರಾಗಿ ಹೊಲದ ಬದುವಿಗೆ ಬಂದ. ಅಲ್ಲಿ ತನ್ನ ಹೊಲದ ಕಳೆ ಕೀಳಲು ಬಂದ ಸಣ್ಣೀರಿ ಮುದ್ದೆಗೆ ಸೊಪ್ಪಿನ ಸಾರು ಬಿಟ್ಟುಕೊಂಡು ಉಣ್ಣುತ್ತಿದ್ದಳು. ತನ್ನ ಊಟದಲ್ಲಿ ಅರ್ಧ ಕೊಟ್ಟಳು. ರಾಜ ಒಂದು ತುತ್ತು ನುಂಗಿದ, ಎರಡು ತುತ್ತು ನುಂಗಿದ, ಮೂರನೆಯದಕ್ಕೆ ನಾಲಿಗೆ ತಂಪಾಯಿತಂತೆ.

"ಏನಮ್ಮಾ ಈ ಸೊಪ್ಪು?"

"ಗೋಣಿ ಸೊಪ್ಪು ಬುದ್ಧೀ. ಬರೀ ಕಳೆ. ಕಿತ್ತು ಎಸೆಯೋ ಮುಂಚೆ ಒಂದು ಹಿಡಿ ಸಾರಿಗೆ ಹಾಕ್ಕೋತೀವಿ."

ದಿನವೂ ಇದೇ ಬೇಕು ಅಂದ ರಾಜ. ಆದರೆ ದನ ಕುರಿ ತುಳಿದ ಬಯಲಿನದ್ದು ಅರಸರ ತಟ್ಟೆಗೆ ಬರಬಾರದು, ಅರಮನೆ ಗೋಡೆಯೊಳಗೆ ಬೆಳೆದದ್ದೇ ಆಗಬೇಕು ಅನ್ನುವುದು ಅಲ್ಲಿಯ ಕಟ್ಟಳೆ. ಮಂತ್ರಿ ಸಣ್ಣೀರಿಯನ್ನು ಕರೆದ. "ಈ ಕಳೆಯನ್ನು ನಿನ್ನಷ್ಟು ಬಲ್ಲವರು ಯಾರಿದ್ದಾರೆ? ನೀನೇ ಬೆಳೆಸು. ಮೂರು ಏಳು ಇಪ್ಪತ್ತೊಂದು ದಿನಕ್ಕೆ ಸೊಪ್ಪು ಕಾಣದಿದ್ದರೆ ಗುಡಿಸಲು ಬಿಚ್ಚಿಕೊಂಡು ಊರು ಬಿಡು" ಅಂದನಂತೆ.

ಸಣ್ಣೀರಿಗೆ ತಲೆ ಗಿರ್ರಂದಿತು. ಮೂವತ್ತು ವರ್ಷ ಕಿತ್ತದ್ದನ್ನು ನೆಡುವುದು ಹೇಗೆ? ಗೊಬ್ಬರ ಬೇಕೋ ಬೇಡವೋ? ಸಾಯಿಸುವುದು ಗೊತ್ತು, ಸಾಕುವುದು ಗೊತ್ತಿಲ್ಲ. ಆದರೂ ಅರಮನೆ ಬಾವಿಯ ಹತ್ತಿರ ಪಾತಿ ಮಾಡಿ, ಹೊಲದಿಂದ ಬೇರು ಸಮೇತ ತಂದು ನೆಟ್ಟಳು. ದಿನವೂ ಬೆಳಗ್ಗೆ ಬಂದು ಕುಕ್ಕರಗಾಲಲ್ಲಿ ಕೂತು ಪಾತಿಯ ಗರಿಕೆ ಕೀಳುತ್ತಿದ್ದಳು, ಕೊನ್ನಾರಿ ಕೀಳುತ್ತಿದ್ದಳು, ಹಿಂದಕ್ಕೆ ಎಸೆಯುತ್ತಿದ್ದಳು. ಬಾಯಲ್ಲಿ ಹಾಡು, ಮನಸ್ಸಿನಲ್ಲಿ ಗುಡಿಸಲಿನ ಚಿಂತೆ, ಕೈ ತನ್ನ ಪಾಡಿಗೆ ತಾನು. ಏಳು ದಿನ ಕಳೆದು ನೋಡಿದರೆ ಪಾತಿ ಬೋಳು!

ಮೊಲ ತಿಂದಿರಬೇಕು ಅಂದುಕೊಂಡಳು. ಮತ್ತೆ ನೆಟ್ಟು ಮುಳ್ಳಿನ ಬೇಲಿ ಹಾಕಿದಳು. ಮತ್ತೆ ಏಳು ದಿನ, ಮತ್ತೆ ಬೋಳು. ಹಾಗಾದರೆ ಹಕ್ಕಿಯೋ? ಹಕ್ಕಿಯಾದರೆ ಬೇರು ಯಾಕೆ ತಿನ್ನುತ್ತದೆ? ಇದು ಪೀಡೆಯ ಕೆಲಸ ಅಂತ ಮೂರನೇ ಸಲ ನೆಟ್ಟು ನಾಲ್ಕು ಮೂಲೆಗೂ ಬೇವಿನ ಸೊಪ್ಪು ಕಟ್ಟಿದಳಂತೆ. ಆದರೂ ಗಿಡ ಕಡಿಮೆಯಾಗುತ್ತಲೇ ಬಂತು.

ಇಪ್ಪತ್ತನೇ ದಿನ ಬೆಳಗ್ಗೆ ಅತ್ತೆ ದೇವೀರಮ್ಮನನ್ನು ಕಾವಲಿಗೆ ಕರೆತಂದಳು. ಅತ್ತೆ ಬಾವಿಕಟ್ಟೆ ಮೇಲೆ ಕೂತು ಎಲೆಅಡಿಕೆ ಜಗಿಯುತ್ತ ನೋಡಿದಳು, ನೋಡಿದಳು, ಕೊನೆಗೆ ಕೂಗಿದಳು:

"ಸಿಕ್ಕಿಬಿದ್ದಳು ಕಣೇ ಕಳ್ಳಿ!"

"ಎಲ್ಲತ್ತೇ? ಪೀಡೆ ಎಲ್ಲಿ?"

"ನನ್ನ ಮಗ ಕಟ್ಕೊಂಡು ಬಂದದ್ದೇ ಆ ಪೀಡೆ. ನಿನ್ನ ಕೈ ನೋಡ್ಕೊಳ್ಳೇ!"

ಸಣ್ಣೀರಿ ಮುಷ್ಟಿ ಬಿಚ್ಚಿದಳು. ಗರಿಕೆ ಇತ್ತು, ಕೊನ್ನಾರಿ ಇತ್ತು, ನಡುವೆ ಕೆಂಪು ದಂಟಿನ ಗೋಣಿ ಸೊಪ್ಪೂ ಇತ್ತು.

"ಅಯ್ಯೋ, ನಾನು ಕೀಳಲಿಲ್ಲ ಅತ್ತೇ!"

"ನೀನು ಕೀಳಲಿಲ್ಲ, ಒಪ್ಪಿದೆ. ನಿನ್ನ ಕೈಗೆ ಹೇಳಿದ್ಯಾ?"

ಸಣ್ಣೀರಿ ಬಲಗೈಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡಳು. ಉಳಿದ ನಾಲ್ಕು ಗಿಡವನ್ನು ಎಡಗೈ ಕಿತ್ತುಹಾಕಿತಂತೆ.

ಇಪ್ಪತ್ತೊಂದನೇ ದಿನ ರಾಜ ಬಂದ, ಮಂತ್ರಿ ಬಂದ. ಪಾತಿಯಲ್ಲಿ ಒಂದು ಎಲೆಯಿಲ್ಲ. "ಗುಡಿಸಲು ಬಿಚ್ಚು" ಅಂದ ಮಂತ್ರಿ. ಸಣ್ಣೀರಿ ತನ್ನ ಕೈಗಳನ್ನೇ ನೋಡುತ್ತ ನಿಂತಳು. ಆಗ ದೇವೀರಮ್ಮ ಎಲೆಅಡಿಕೆ ಉಗಿದು ಬಂದು, "ಬುದ್ಧೀ, ಇವಳು ನೆಟ್ಟ ಕಡೆ ನೋಡಬೇಡಿ, ಎಸೆದ ಕಡೆ ನೋಡಿ" ಅಂದಳು.

ಪಾತಿಯ ಹಿಂದೆ ಬಾವಿಯ ನೀರು ಹರಿಯುವ ಕಡೆ, ಅರಮನೆ ಗೋಡೆಯೊಳಗೇ, ಕಂಬಳಿ ಹಾಸಿದ ಹಾಗೆ ಗೋಣಿ ಸೊಪ್ಪು! ಕಿತ್ತೆಸೆದ ದಂಟೆಲ್ಲ ಬಿದ್ದಲ್ಲೇ ಬೇರು ಬಿಟ್ಟಿತ್ತು.

"ಇದನ್ನು ನೀನು ಬೆಳೆದೆಯೋ, ಕಿತ್ತೆಯೋ?" ಅಂತ ಕೇಳಿದನಂತೆ ರಾಜ.

"ನನಗೇ ತಿಳೀತಿಲ್ಲ ಬುದ್ಧೀ."

ರಾಜ ನಕ್ಕ. ನಕ್ಕರೆ ಬಾಯಿ ಉರಿಯಿತು. ಅಲ್ಲೇ ಕೂತು ಹಸಿ ಸೊಪ್ಪೇ ಜಗಿದನಂತೆ. ಇನ್ನು ಮೇಲೆ ಸಣ್ಣೀರಿ ಹೇಗೆ ಕೀಳುತ್ತಾಳೋ ಹಾಗೆಯೇ ಕೀಳಲಿ, ಯಾರೂ ತಡೆಯಬಾರದು ಅಂತ ಅಪ್ಪಣೆಯಾಯಿತು. ರಾಜನ ಹುಣ್ಣು ಮಾಯಿತು, ಸಣ್ಣೀರಿಯ ಗುಡಿಸಲು ಉಳಿಯಿತು. ಅವಳ ಸೊಪ್ಪು ಅರಮನೆ ಬಾವಿಯ ಹತ್ತಿರ, ನಮ್ಮ ಸೊಪ್ಪು ನಮ್ಮ ಸಾರಿನೊಳಗೆ.

ಇಷ್ಟಕ್ಕೆ ಆದ ನಷ್ಟವನ್ನೂ ಜವರಮ್ಮ ಹೇಳಿದಳು. ಆಮೇಲೆ ಸಣ್ಣೀರಿ ತನ್ನ ಹೊಲದಲ್ಲಿ ಕೂತಾಗ, ಕೀಳಲೋ ಬಿಡಲೋ ಅಂತ ಅವಳ ಕೈ ಪ್ರತಿ ಗಿಡದ ಹತ್ತಿರವೂ ನಿಲ್ಲುತ್ತಿತ್ತಂತೆ. ಆ ವರ್ಷ ಹದಿನಾಲ್ಕು ಪಲ್ಲ ಬರಬೇಕಿದ್ದ ರಾಗಿ ಒಂಬತ್ತೇ ಪಲ್ಲ ಬಂತು.