ಹೆಗಲದಿಬ್ಬದ ಕಲ್ಲು

"ಹೆಗಲದಿಬ್ಬಕ್ಕೆ ದಾರಿ ಯಾವುದು?" ಎಂದು ನಾನು ಕೇಳಿದ್ದು ಅದು ಮೂರನೆಯ ಸಲ. ದೇಶದೇಶಗಳ ಬಂದರುಗಳನ್ನು ಅಳೆದು ಬಂದವಳು, ಹಡಗುಗಳು ಬಂದು ನಿಲ್ಲುವ ಹೊನ್ನಳಿವೆಯ ಹೊಸ ದಕ್ಕೆಯಲ್ಲಿ ಕಂಟೇನರುಗಳ ನಡುವೆ ದಿಕ್ಕು ತಪ್ಪಿ ನಿಂತಿದ್ದೆ. ಈ ದಕ್ಕೆಯ ವಿಸ್ತರಣೆಗೆ ಮೊದಲ ವರದಿ ಬರೆದವಳು ನಾನೇ ಎಂದು ಹೇಳಿಕೊಳ್ಳುವ ಧೈರ್ಯವಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು, ಗುಲಾಬಿ ಹರಿಕಂತ್ರ, ನಡಿಗೆ ನಿಲ್ಲಿಸದೆ, "ನನ್ನ ಹಿಂದೆ ಬನ್ನಿ, ಅಕ್ಕೋರೆ. ಹೊರೆ ಹೊತ್ತವ್ರಿಗೆ ಆ ದಾರಿ ತಪ್ಪೂದಿಲ್ಲ" ಎಂದಳು.

ದಕ್ಕೆಯಿಂದ ಪೇಟೆಗೆ ಏರುವ ಕಡಿದಾದ ದಿಬ್ಬವದು. ಅರ್ಧ ಏರಿದರೆ ಹೆಗಲೆತ್ತರದ ಎರಡು ಕಂಬಗಳ ಮೇಲೆ ಅಡ್ಡ ಹಾಸಿದ ಚಪ್ಪಡಿಯೊಂದಿದೆ. ಎಡಕ್ಕೆ ಕೊಂಚ ವಾಲಿದೆ. ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಇಲ್ಲಿನ ಹಳೆಯ ದಕ್ಕೆ ಕುಸಿಯತೊಡಗಿದಾಗ ಮಾಬಲ ಶೆಟ್ಟಿಯೆಂಬ ವರ್ತಕ ಅದನ್ನು ದೊಡ್ಡದಾಗಿ ಕಟ್ಟಿಸಿದನು ಎನ್ನುತ್ತಾರೆ. ಕೊನೆಯ ಸಾಲಿಗೆ ಒಂದು ಚಪ್ಪಡಿ ಕಡಿಮೆ ಬಿತ್ತು. ಹೆಂಗಸರು ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ದಿಬ್ಬದ ಕಲ್ಲನ್ನೇ ಅವನು ಕೀಳಿಸಿದನು. ಮೊದಲ ಹಡಗು ಬರುವ ದಿನ ಹೊಸ ಶಾಲು ಹೊದ್ದು ಅಲ್ಲೇ ನಿಂತಿದ್ದಾಗ, ತುಂಬು ಬಸುರಿ ಬೀರಮ್ಮ ಬುಟ್ಟಿ ಹೊತ್ತು ಏರಿ ಬಂದಳು. ಕಲ್ಲಿಲ್ಲದ್ದು ಕಂಡು, "ಒಡೆಯಾ, ಒಂದು ಕೈ ಕೊಡಿ" ಎಂದಳು. ಶೆಟ್ಟಿ ಶಾಲಿಗೆ ಮೀನಿನ ನೀರು ತಾಗೀತೆಂದು ಹಿಂದೆ ಸರಿದನು. ಬೀರಮ್ಮ ಬಿದ್ದಳು. ಕೂಸು ಉಳಿಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ. ಮರುದಿನದಿಂದ ಶೆಟ್ಟಿ ಶಾಲು ಬಿಟ್ಟು, ಕಲ್ಲಿದ್ದ ಜಾಗದಲ್ಲಿ ಹೆಗಲು ಒಡ್ಡಿ ನಿಂತನು. ಒಂದು ವರ್ಷ ಯಾರೂ ಅವನತ್ತ ನೋಡಲಿಲ್ಲವಂತೆ. ಕೊನೆಗೆ ಬೀರಮ್ಮನೇ ಬುಟ್ಟಿಯನ್ನು ಅವನ ಹೆಗಲಿಗೆ ಇಳಿಸಿ, "ನೆಟ್ಟಗೆ ನಿಲ್ಲಿ, ವಾಲ್ತದೆ" ಎಂದಳು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಸಾಯುವವರೆಗೂ ಅವನು ನಿಂತನು, ಎಡಹೆಗಲು ಜಗ್ಗಿಹೋಯಿತು. ಆಮೇಲೆ ಹೆಂಗಸರು ಅವನ ಹೆಗಲಿನ ಎತ್ತರಕ್ಕೇ, ಅಷ್ಟೇ ವಾಲುವಂತೆ, ಈ ಕಲ್ಲು ನಿಲ್ಲಿಸಿದರು ಎನ್ನುತ್ತಾರೆ.

ಈಗ ಹೋದವರಿಗೆ ಆ ಚಪ್ಪಡಿಯ ಮೇಲೊಂದು ಕೆಂಪು ಗೀಟು ಕಾಣುತ್ತದೆ. ಎಂಟು ವರ್ಷದ ಹಿಂದೆ "ನಿರುಪಯುಕ್ತ ಕಲ್ಲು, ತೆರವುಗೊಳಿಸಬಹುದು" ಎಂದು ನಾನು ಬರೆದದ್ದರ ಗುರುತು ಅದು. ಈ ಕತೆ ನನ್ನ ಕಿವಿಗೆ ಬಿದ್ದದ್ದು ತೀರ ತಡವಾಗಿ, ಎಲ್ಲೋ ದೂರದ ಹಡಗೊಂದರಲ್ಲಿ, ಇದೇ ಊರಿನ ಅಡುಗೆಯವನಿಂದ. ಗುಲಾಬಿಯ ಹಿಂದೆ ದಿಬ್ಬ ಏರಿದ ಆ ದಿನ ಬೆಳಿಗ್ಗೆಯಷ್ಟೇ ಬಂದರು ಕಚೇರಿಯಲ್ಲಿ ತಪ್ಪು ನನ್ನದೆಂದು ಬರೆದುಕೊಟ್ಟು, ಕಲ್ಲಿನ ಜಾಗದಲ್ಲಿ ಹಾಯಬೇಕಿದ್ದ ಲಾರಿ ರಸ್ತೆಯನ್ನು ನಕ್ಷೆಯಲ್ಲಿ ಹತ್ತು ಮಾರು ಆಚೆ ಸರಿಸಿ ಬಂದಿದ್ದೆ. ಕಲ್ಲು ಉಳಿಯಿತು, ಕೆಲಸದವರು ಸುತ್ತ ನಿಲ್ಲಿಸಿದ್ದ ತಗಡಿನ ಬೇಲಿ ಮಾತ್ರ ಇನ್ನೂ ತೆಗೆದಿರಲಿಲ್ಲ.

"ಗೀಟು ಹಾಕಿಸಿದವಳು ನಾನೇ" ಎಂದು ಬೇಲಿಯ ಬಳಿ ಗುಲಾಬಿಗೆ ಹೇಳಿದೆ.

"ಗೊತ್ತದೆ. ಅಂದು ನೀವು ಈ ಕಲ್ಲಿನ ಮೇಲೆ ಕ್ಯಾಮೆರಾ ಚೀಲ ಇಟ್ಟು ಫೋಟೋ ತೆಗೀತಿದ್ರಿ. ನಾನು ಹೊರೆ ಹೊತ್ಕಂಡೇ ಕಾದಿದ್ದೆ" ಎಂದು ಗುಲಾಬಿ ನಕ್ಕಳು. "ಇಂದು ಬೇಲಿ ಅದೆ. ಬುಟ್ಟಿ ಎಲ್ಲಿ ಇಳಿಸ್ಲಿ?"

ನಾನು ಚೀಲವನ್ನು ನೆಲಕ್ಕೆ ಹಾಕಿ, ಬೆನ್ನು ತಿರುಗಿಸಿ ಹೆಗಲು ಒಡ್ಡಿದೆ. ಮೀನಿನ ನೀರು ಕುತ್ತಿಗೆಯಿಂದ ಬೆನ್ನಿಗಿಳಿಯಿತು.

"ನೆಟ್ಟಗೆ ನಿಲ್ಲಿ, ಅಕ್ಕೋರೆ" ಎಂದಳು. "ವಾಲ್ತದೆ."

ಅವಳ ಉಸಿರು ಸಮಕ್ಕೆ ಬರುವವರೆಗೂ ನಾನು ನೆಟ್ಟಗೆ ನಿಂತೆ.