ಅಲುಗದ ಪಂಕ್ತಿ

ಶಿಷ್ಯ ಕೇಳಿದ: “ಗುರುಗಳೇ, ಹರಳಿನ ನಡುಕವನ್ನು ಪೂರ್ತಿ ನಿಲ್ಲಿಸುವ ದಾರಿ ಇದೆಯೇ?”

ಶಿಷ್ಯ ಪದರ ಪದರವಾದ ಅರೆವಾಹಕದ ಹರಳು ಬೆಳೆಸುತ್ತಿದ್ದ. ಅಭ್ರಕದ ಹಾಗೆ ಅದನ್ನು ಹಾಳೆ ಹಾಳೆಯಾಗಿ ಬಿಡಿಸಬಹುದು. ಹಾಳೆಯಲ್ಲಿ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಅವುಗಳ ನಡುವೆ ಎಲೆಕ್ಟ್ರಾನು ಓಡುತ್ತದೆ. ಈ ಹಾಳೆಯಿಂದ ಆ ಹಾಳೆಗೆ ಹಾರುವುದು ಅದಕ್ಕೆ ಕಷ್ಟ.

“ಹರಳಿನಲ್ಲಿ ಒಂದು ಕುಂದೂ ಉಳಿದಿಲ್ಲ,” ಎಂದ ಶಿಷ್ಯ. “ಕಸ ತೆಗೆದೆ. ಸಾಲು ತಪ್ಪಿದ ಪರಮಾಣು ಇಲ್ಲ. ಆದರೂ ಎಲೆಕ್ಟ್ರಾನು ನೇರ ಓಡುವುದಿಲ್ಲ. ಪರಮಾಣುಗಳು ಕೂತಲ್ಲೇ ನಡುಗುತ್ತವೆ. ಆ ನಡುಕಕ್ಕೆ ಸಿಕ್ಕಿ ಅದು ಅತ್ತ ಇತ್ತ ಚದುರುತ್ತದೆ. ಪಕ್ಕದ ಹಾಳೆ ನಡುಗಿದರೂ ಇಲ್ಲಿ ಓಡುವ ಎಲೆಕ್ಟ್ರಾನು ಎಡವುತ್ತದೆ. ನಾವು ತಳ್ಳಿ ಕೊಟ್ಟ ಶಕ್ತಿಯನ್ನು ಪರಮಾಣುಗಳು ದಾರಿಯಲ್ಲೇ ಕಿತ್ತುಕೊಂಡು ತಾವು ಬಿಸಿಯಾಗುತ್ತವೆ. ಎಲ್ಲ ನಷ್ಟ. ತಣ್ಣಗೆ ಮಾಡಿದಷ್ಟೂ ನಡುಕ ಇಳಿಯುತ್ತದೆ. ಇನ್ನೂ ತಣ್ಣಗೆ ಮಾಡುತ್ತೇನೆ. ಒಂದೂ ಅಲುಗಬಾರದು.”

ಗುರು ಈ ಕತೆ ಹೇಳಿದರು.

ಒಂದು ಊರಿನ ಛತ್ರದಲ್ಲಿ ಸಾರು ಬಡಿಸುವವನೊಬ್ಬನಿದ್ದ. ಮದುವೆಯಾಗಲಿ, ತಿಥಿಯಾಗಲಿ, ಊಟ ಎಂದರೆ ಸಾರಿನ ಬಕೆಟ್ಟು ಅವನೇ ಹಿಡಿಯಬೇಕು. ಕೆಳಗೆ ಗಂಡಸರ ಪಂಕ್ತಿ. ಮೇಲೆ ಹಲಗೆಯ ಮಹಡಿ, ಅಲ್ಲಿ ಹೆಂಗಸರ ಪಂಕ್ತಿ. ಮಹಡಿಯಲ್ಲಿ ಬಡಿಸುವವಳು ಅವನ ಹೆಂಡತಿ. ಊಟ ಮುಗಿಯುವ ತನಕ ಇವನು ಮೇಲೆ ಹತ್ತುವುದಿಲ್ಲ, ಅವಳು ಕೆಳಗೆ ಇಳಿಯುವುದಿಲ್ಲ.

ಅವನಿಗೆ ಒಂದೇ ಆಸೆ. ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಓಟದಲ್ಲಿ ಹೋಗಬೇಕು. ಯಾವತ್ತೂ ಆಗಲಿಲ್ಲ. ಕೂತವರು ಎಲೆ ಬಿಟ್ಟು ಏಳುವುದಿಲ್ಲ, ನಿಜ. ಸುಮ್ಮನೆ ಕೂರುವುದೂ ಇಲ್ಲ. ಒಬ್ಬ ಮೊಣಕಾಲು ಚಾಚುತ್ತಾನೆ. ಒಬ್ಬ ಪಕ್ಕದವನ ಕಡೆ ವಾಲುತ್ತಾನೆ. ಒಬ್ಬ ಅನ್ನದಲ್ಲಿ ಗುಳಿ ಮಾಡಿಕೊಂಡು, “ಇಲ್ಲಿ ಬಾರಯ್ಯ, ಕುದುರೆ ಏರಿ ಬಂದಿದೀಯಾ?” ಎಂದು ಪಂಚೆಯ ಅಂಚು ಹಿಡಿಯುತ್ತಾನೆ. ಇವನು ನಿಲ್ಲುತ್ತಾನೆ. ಒಂದು ಸೌಟು ಹಾಕುತ್ತಾನೆ. ಬಿಸಿ ಸಾರು ಬಿದ್ದವನು ಇನ್ನಷ್ಟು ಅಲುಗುತ್ತಾನೆ.

ಮೇಲಿನದು ಇನ್ನೊಂದು ಕಾಟ. ಹೆಂಡತಿ ಪಂಕ್ತಿಯ ತುದಿಯಲ್ಲಿ ತಿರುಗುವಾಗ ಹಲಗೆ ನಡುಗುತ್ತದೆ. ಸಂದಿಯಿಂದ ಮಣ್ಣು ಉದುರುತ್ತದೆ. ಆ ಜಾಗಕ್ಕೆ ಬಂದಾಗ ಅವನು ಬಕೆಟ್ಟಿಗೆ ಬಾಳೆಲೆಯ ಚೂರು ಮುಚ್ಚಿ ಕೂಗುತ್ತಾನೆ.

“ಏ ಇವಳೇ, ಮೆಲ್ಲಗೆ ನಡಿಯೇ! ನಿನ್ನ ಮಣ್ಣೆಲ್ಲ ನನ್ನ ಸಾರಿಗೆ!”

“ಬೀಳಲಿ ಬಿಡಿ,” ಎಂದು ಅವಳು ಮೇಲಿನಿಂದಲೇ ಹೇಳುತ್ತಾಳೆ. “ನಿಮ್ಮ ಸಾರಿಗೆ ಅದೊಂದು ಕಮ್ಮಿ ಇತ್ತು!”

ಮೇಲಿನ ಪಂಕ್ತಿ ನಗುತ್ತದೆ. ಕೆಳಗಿನದೂ ನಗುತ್ತದೆ. ನಗುವವರ ನಡುವೆ ಅವನಿಗೆ ಕಾಲಿಡಲು ಜಾಗವಿಲ್ಲ. ಬೈದುಕೊಂಡೇ ಬಡಿಸುತ್ತಾನೆ. ಆ ಬಾಗಿಲು ಮುಟ್ಟುವ ಹೊತ್ತಿಗೆ ಬಕೆಟ್ಟು ಖಾಲಿ. ಕೈ ಹಗುರ.

“ಒಂದು ದಿನವಾದರೂ ಈ ಜನ ಅಲುಗದೆ ಕೂರಬಾರದಾ?” ಎಂದು ಮನೆಗೆ ಹೋಗುವಾಗ ಅವನು ಹೇಳುತ್ತಿದ್ದ. “ನೀನೂ ಅಷ್ಟೆ.”

“ಹಸಿದೋರು ಅಲುಗದೆ ಕೂರ್ತಾರಾ ರೀ?” ಎನ್ನುತ್ತಿದ್ದಳು ಅವಳು. “ಹೋಗಿ ಕಂಬಕ್ಕೆ ಬಡಿಸಿ.”

ಅವಳಿಗೆ ಜ್ವರ ಬಂತು. ಇಳಿಯಲಿಲ್ಲ. ಹೋಗಿಬಿಟ್ಟಳು.

ತಿಥಿಯ ಊಟ ಅದೇ ಛತ್ರದಲ್ಲಿ. ಅವಳ ತಮ್ಮ ಬಂದು ಬಕೆಟ್ಟಿಗೆ ಕೈ ಹಾಕಿದ. “ಇವತ್ತಾದರೂ ಕೂತ್ಕೊಳ್ಳಿ ಭಾವ.”

“ಕೂತರೆ ಈ ಕೈ ಏನು ಮಾಡಲಿ?” ಎಂದು ಅವನು ಬಕೆಟ್ಟು ಎತ್ತಿಕೊಂಡ.

ಜನಕ್ಕೆ ಅವನ ಮೇಲೆ ಮರುಕ. ಹಿರಿಯನೊಬ್ಬ ಪಂಕ್ತಿಗೆ ಮೊದಲೇ ಹೇಳಿಟ್ಟಿದ್ದ: “ಇವತ್ತು ಅವನನ್ನು ಯಾರೂ ಕರೀಬೇಡಿ. ಪಾಪ, ಬೇಗ ಮುಗಿಸಿ ಕೂರಲಿ.” ಎಲ್ಲರೂ ಮೊಣಕಾಲು ಮಡಚಿದರು. ತಲೆ ತಗ್ಗಿಸಿದರು. ಅನ್ನದಲ್ಲಿ ಯಾರೂ ಗುಳಿ ಮಾಡಲಿಲ್ಲ. ಅವನು ಹತ್ತಿರ ಬಂದಾಗ ‘ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದರು. ಮಹಡಿಯಲ್ಲಿ ಬೇರೆ ಹೆಂಗಸರು ಬಡಿಸುತ್ತಿದ್ದರು. ಅವರೂ ತುದಿಗಾಲಲ್ಲಿ ನಡೆದರು.

ದಾರಿ ನೇರವಾಗಿ ಬಿದ್ದಿತ್ತು. ಅವನು ನಡೆದ. ತಡೆಯುವವರು ಇಲ್ಲದ್ದಕ್ಕೆ ನಡಿಗೆ ತಾನಾಗಿ ಓಟವಾಯಿತು. ಆ ಜಾಗ ಬಂದಾಗ ಮಾತ್ರ ನಿಂತ. ಬಾಳೆಲೆಯ ಚೂರು ತೆಗೆದು ಬಕೆಟ್ಟಿಗೆ ಮುಚ್ಚಿದ. ಮೇಲೆ ನೋಡಿದ. ಹಲಗೆ ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದ. ಎಲೆ ಸರಿಸಿ ನೋಡಿದ. ಸಾರು ಚೊಕ್ಕವಾಗಿತ್ತು.

ಆ ಬಾಗಿಲು ಮುಟ್ಟಿದ. ಬಕೆಟ್ಟು ತುಂಬಿಯೇ ಇತ್ತು. ಹಿಡಿಕೆ ಅಂಗೈಯನ್ನು ಒತ್ತುತ್ತಿತ್ತು. ಬಿಸಿ ಕಾಲಿಗೆ ತಾಗುತ್ತಿತ್ತು. ತಿರುಗಿ ಪಂಕ್ತಿಯನ್ನು ನೋಡಿದ.

“ಒಬ್ಬರಾದರೂ ಕೇಳ್ರಪ್ಪ,” ಎಂದ.

ಯಾರೂ ತಲೆ ಎತ್ತಲಿಲ್ಲ. ಅವನ ದುಃಖಕ್ಕೆ ಅಡ್ಡ ಬರಬಾರದೆಂದು ಕಂಬದ ಹಾಗೆ ಕೂತರು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: “ಆ ಬಕೆಟ್ಟನ್ನು ಏನು ಮಾಡಿದ ಗುರುಗಳೇ?”

ಗುರು ಹೇಳಿದರು: “ಒಂದೂ ಅಲುಗದಿದ್ದರೆ, ನಿನ್ನ ಎಲೆಕ್ಟ್ರಾನು ತನ್ನ ಬಿಸಿಯನ್ನು ಯಾರ ಎಲೆಗೆ ಬಡಿಸಬೇಕು?”